ಸೋರುವ ಹಿತ್ತಾಳೆ, ಸಿಡಿಯುವ ಪ್ಲಾಸ್ಟಿಕ್

ಕನ್ನಡದಲ್ಲಿ ‘ತಾಳಿಕೆ ಬಾಳಿಕೆ’ ಎಂದು ಒಂದು ಜೋಡಿ ಮಾತಿದೆ. ಚಪ್ಪಲಿ ಅಂಗಡಿಯವರಿಂದ ಹಿಡಿದು ಬೀರು ಮಾರುವವರವರೆಗೆ ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುವ ಮಾತು. ಕೇಳುವ ನಾವೂ ಎರಡಕ್ಕೂ ಒಂದೇ ಅರ್ಥ, ಪ್ರಾಸಕ್ಕೆಂದು ಎರಡು ಸಲ ಹೇಳುತ್ತಾರೆ ಎಂದುಕೊಂಡು ತಲೆಯಾಡಿಸುತ್ತೇವೆ. ಆದರೆ ತಾಳುವುದು ಬೇರೆ, ಬಾಳುವುದು ಬೇರೆ. ತಾಳು ಎಂದರೆ ಸಹಿಸು, ಹೊರು, ಮೇಲೆ ಬಿದ್ದದ್ದನ್ನು ತಡೆದುಕೊ. ಬಾಳು ಎಂದರೆ ಬದುಕು. ಬದುಕುವವರಿಗೆ ಜ್ವರ ಬರುತ್ತದೆ, ಬಿಡುತ್ತದೆ. ಕೈ ಮುರಿಯುತ್ತದೆ, ಕೂಡಿಕೊಳ್ಳುತ್ತದೆ. ಹತ್ತು ವರ್ಷ ಏನೂ ಆಗದೆ ಇದ್ದು ಹನ್ನೊಂದನೆಯ ವರ್ಷ ಒಮ್ಮೆಗೇ ಇಲ್ಲವಾಗುವ ವಸ್ತುವಿಗೆ ತಾಳಿಕೆ ಇತ್ತು ಎನ್ನಬಹುದು. ಬಾಳಿಕೆ ಇತ್ತು ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಪಿಯು ಮಕ್ಕಳಿಗೆ ಕನ್ನಡ ಪಾಠ ಮಾಡುವ ನನಗೆ ಈ ವ್ಯತ್ಯಾಸ ಹೊಳೆದದ್ದು ನಿಘಂಟು ತಿರುವುವಾಗಲ್ಲ, ಹಾರೋಹಳ್ಳಿಯ ಒಂದು ರೇಡಿಯೇಟರ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ. ಸಾಹಿತ್ಯದ ಓದುಗರ ಮುಂದೆ ರೇಡಿಯೇಟರ್ ಇಡುವುದು ಸ್ವಲ್ಪ ವಿಚಿತ್ರವೇ. ಆದರೂ ವಸ್ತುವೊಂದು ಕೆಟ್ಟಾಗ ತಪ್ಪು ಯಾರದು, ಕೆಡದಂತೆ ನೋಡಿಕೊಳ್ಳುವ ಹೊಣೆ ಯಾರದು, ಆ ಹೊಣೆಯ ಬೆಲೆಯನ್ನು ತನ್ನ ಮೈಯಿಂದ ತೆರುವವರು ಯಾರು ಎಂಬ ಪ್ರಶ್ನೆಗಳನ್ನು ಇಷ್ಟು ನೇರವಾಗಿ ಕೇಳುವ ಇನ್ನೊಂದು ವಸ್ತು ನನಗೆ ಸಿಕ್ಕಿಲ್ಲ.

ಮೊದಲು ಅದು ಏನು ಮಾಡುತ್ತದೆ ಎಂದು ಹೇಳಿಬಿಡುತ್ತೇನೆ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲು, ಡೀಸೆಲ್ಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸ್ವಲ್ಪವೇ. ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಸುಮಾರು ಅಷ್ಟೇ ಪಾಲು ಎಂಜಿನ್ನಿನ ಮೈ ಕಾಯಿಸುತ್ತದೆ. ಆ ಕಾವನ್ನು ನೀರು ಹೊತ್ತು ಬಾನೆಟ್ಟಿನ ಮುಂದಿರುವ ಜಾಲರಿಗೆ ತಂದು ಗಾಳಿಗೆ ಒಪ್ಪಿಸುತ್ತದೆ. ಎರಡು ತುದಿಗೆ ಎರಡು ಟ್ಯಾಂಕು, ನಡುವೆ ತೆಳ್ಳನೆಯ ಕೊಳವೆಗಳು, ಕೊಳವೆಗಳ ಮಧ್ಯೆ ಮಡಿಕೆ ಮಡಿಕೆಯಾದ ತಗಡು. ಮೇಲೆ ಪ್ರೆಶರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಮಾಡುವ ಒಂದು ಮುಚ್ಚಳ, ನೂರು ಡಿಗ್ರಿ ದಾಟಿದರೂ ಒಳಗಿನ ನೀರು ಕುದಿಯದಿರಲೆಂದು. 1900ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಜೇನುಹಟ್ಟಿಯ ಹಾಗೆ ಎಂಟು ಸಾವಿರಕ್ಕೂ ಹೆಚ್ಚು ಪುಟ್ಟ ಕೊಳವೆಗಳನ್ನು ಜೋಡಿಸಿ ಮರ್ಸಿಡಿಸ್ ಕಾರಿಗೆ ಕೂರಿಸಿದ. ಅಲ್ಲಿಂದ ಇಲ್ಲಿಯವರೆಗೆ ರೇಡಿಯೇಟರಿನ ಕೆಲಸ ಬದಲಾಗಿಲ್ಲ. ಬದಲಾಗಿರುವುದು ಅದನ್ನು ಯಾವುದರಿಂದ ಮಾಡುತ್ತಾರೆ ಎಂಬುದು.

ಹಿಂದೆ ಕೊಳವೆ ಹಿತ್ತಾಳೆಯದು, ತಗಡು ತಾಮ್ರದ್ದು, ಟ್ಯಾಂಕು ಹಿತ್ತಾಳೆಯದು, ಎಲ್ಲವನ್ನೂ ಹಿಡಿದಿಡುವ ಬೆಸುಗೆ ಸೀಸ ಮತ್ತು ತವರದ್ದು. ಈಗ ಕೊಳವೆ, ತಗಡು ಎರಡೂ ಅಲ್ಯೂಮಿನಿಯಂ. ಟ್ಯಾಂಕು ಗಾಜಿನ ನಾರು ಬೆರೆಸಿದ ನೈಲಾನ್, ನಾವು ಸುಮ್ಮನೆ ಪ್ಲಾಸ್ಟಿಕ್ ಎನ್ನುವುದು. ನಡುವೆ ಒಂದು ರಬ್ಬರ್ ಪಟ್ಟಿ ಇಟ್ಟು, ಅಲ್ಯೂಮಿನಿಯಂ ಅಂಚಿನ ಹಲ್ಲುಗಳನ್ನು ಯಂತ್ರದಲ್ಲಿ ಮಡಚಿ ಟ್ಯಾಂಕನ್ನು ಕಚ್ಚಿಸುತ್ತಾರೆ.

ಹಾರೋಹಳ್ಳಿ ಬೆಂಗಳೂರು–ಕನಕಪುರ ರಸ್ತೆಯ ಮೇಲಿನ ಊರು. ಒಂದು ಕಡೆ ಕೈಗಾರಿಕಾ ಪ್ರದೇಶ, ಅದರಾಚೆ ರಾಗಿ ಹೊಲ, ಹಿಪ್ಪುನೇರಳೆ, ಮಾವಿನ ತೋಪು. ಕಲ್ಲು ಹೊತ್ತ ಲಾರಿ, ರೇಷ್ಮೆಗೂಡಿನ ಟೆಂಪೊ, ಶಿಫ್ಟಿಗೆ ಜನ ತುಂಬಿಕೊಂಡ ಕಂಪನಿ ಬಸ್ಸು, ಟ್ರ್ಯಾಕ್ಟರು, ವಾರದ ಕೊನೆಯಲ್ಲಿ ಸಂಗಮ, ಮೇಕೆದಾಟು ನೋಡಲು ಹೊರಟ ಕಾರುಗಳು, ಎಲ್ಲವೂ ಒಂದೇ ರಸ್ತೆಯಲ್ಲಿ. ಇಂಥ ರಸ್ತೆಯ ಪಕ್ಕ ರೇಡಿಯೇಟರ್ ಅಂಗಡಿಯೊಂದು ಇರುವುದು ಸಹಜ. ನಾನು ಹೇಳುತ್ತಿರುವ ಅಂಗಡಿಯವರನ್ನು ಎಲ್ಲರೂ ಭಾಯ್ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ತಗಡಿನ ಶೆಡ್ಡು, ಒಂದು ಸಿಮೆಂಟಿನ ನೀರಿನ ತೊಟ್ಟಿ, ಗ್ಯಾಸಿನ ಉರಿ, ಗೋಣಿಚೀಲದಲ್ಲಿ ಬೆಸುಗೆಯ ಕಡ್ಡಿಗಳು. ರೇಡಿಯೇಟರಿನ ಬಾಯಿಗಳಿಗೆಲ್ಲ ರಬ್ಬರ್ ಬಿರಡೆ ಬಿಗಿದು ತೊಟ್ಟಿಯಲ್ಲಿ ಮುಳುಗಿಸಿ ಒಳಗೆ ಗಾಳಿ ಬಿಡುತ್ತಾರೆ. ಪಂಕ್ಚರ್ ಅಂಗಡಿಯ ಟ್ಯೂಬಿನ ಹಾಗೆ, ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು. ಹಿತ್ತಾಳೆ ಟ್ಯಾಂಕಿನ ಅಂಚಿಗೆ ಉರಿ ಹಿಡಿದರೆ ಬೆಸುಗೆ ಕರಗಿ ಟ್ಯಾಂಕು ಬಿಟ್ಟುಕೊಳ್ಳುತ್ತದೆ. ಒಳಗೆ ಕಟ್ಟಿಕೊಂಡಿರುವ ಸುಣ್ಣದಂಥ ಗಸಿಯನ್ನು ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಒಂದೊಂದೇ ಕೊಳವೆಯಿಂದ ಹೊರಗೆ ತಳ್ಳುತ್ತಾರೆ. ತೀರಾ ಹಾಳಾದ ಕೊಳವೆ ಇದ್ದರೆ ಅದರ ಎರಡೂ ತುದಿ ಮುಚ್ಚಿಬಿಡುತ್ತಾರೆ. ಎರಡು ಮೂರು ಕೊಳವೆ ಮುಚ್ಚಿಸಿಕೊಂಡ ರೇಡಿಯೇಟರು ಮತ್ತೆ ನಾಲ್ಕು ವರ್ಷ ಓಡುತ್ತದೆ. ನಡುವಿನ ಜಾಲರಿ ಪೂರ್ತಿ ಹೋದರೆ ಅದನ್ನಷ್ಟೇ ಹೊಸದು ಹಾಕಿ ಹಳೆಯ ಟ್ಯಾಂಕುಗಳನ್ನು ಉಳಿಸಿಕೊಳ್ಳುತ್ತಿದ್ದರು.

ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ರಥ ಎಂದರೆ ಯಾವುದು, ಚಕ್ರವೋ, ಅಚ್ಚೋ, ನೊಗವೋ ಎಂದು ಕೇಳಿ, ಇವು ಯಾವುವೂ ಅಲ್ಲ, ಎಲ್ಲ ಕೂಡಿದಾಗ ಬರುವ ಹೆಸರು ಎಂದು ತೋರಿಸಿದನಂತೆ. ಆ ಮಾತನ್ನು ನಾನು ಭಾಯ್‌ಗೆ ಹೇಳಿದೆ. ಟ್ಯಾಂಕು ಅಂಬಾಸಡರ್‌ದು, ಜಾಲರಿ ಮೂರನೆಯದು, ಬೆಸುಗೆ ನಿಮ್ಮದು, ಹಾಗಾದರೆ ಇದು ಯಾವ ರೇಡಿಯೇಟರು ಎಂದು ಕೇಳಿದೆ. ಅವರು ಬಿರಡೆ ಬಿಗಿಯುತ್ತಲೇ, “ಯಾರು ದುಡ್ಡು ಕೊಡ್ತಾರೋ ಅವರದ್ದು ಮೇಷ್ಟ್ರೇ” ಎಂದರು. ದರ್ಶನಶಾಸ್ತ್ರಕ್ಕೆ ಇಷ್ಟು ಚುರುಕಾದ ಉತ್ತರ ಸಿಗುವುದು ಅಪರೂಪ.

ಹಾಗಿದ್ದರೆ ಇಷ್ಟು ಒಳ್ಳೆಯದನ್ನು ಬಿಟ್ಟರೇಕೆ? ನಮ್ಮ ಟೀ ಅಂಗಡಿಯ ಉತ್ತರ ಒಂದೇ: ಬೇಗ ಕೆಡಲಿ, ಹೊಸದು ಕೊಳ್ಳಲಿ ಎಂದು ಕಂಪನಿಗಳು ಮಾಡಿದ ಮೋಸ. ಮೋಸ ಎನ್ನುವುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲದೆ ಇಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಒಟ್ಟು ಸೇರಿ, ಬಲ್ಬು ಸಾವಿರ ಗಂಟೆಗಿಂತ ಹೆಚ್ಚು ಉರಿಯಬಾರದು ಎಂದು ಒಪ್ಪಂದ ಮಾಡಿಕೊಂಡಿದ್ದವು. ಹೆಚ್ಚು ಉರಿಯುವ ಬಲ್ಬು ಮಾಡಿದವರಿಗೆ ದಂಡವೂ ಇತ್ತು. ಆದರೆ ರೇಡಿಯೇಟರಿನ ಕಥೆ ಅದಲ್ಲ. ತಾಮ್ರ ಅಲ್ಯೂಮಿನಿಯಮ್ಮಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ, ನಿಜ. ಆದರೆ ಮೂರು ಪಟ್ಟಿಗೂ ಹೆಚ್ಚು ಭಾರ. ಬೆಲೆಯ ಮಾತಂತೂ ಬೇಡ. 1973ರಲ್ಲಿ ಕಚ್ಚಾತೈಲದ ಬಿಕ್ಕಟ್ಟು ಬಂದಮೇಲೆ ಕಾರಿನ ಒಂದೊಂದು ಕಿಲೋ ತೂಕಕ್ಕೂ ಲೆಕ್ಕ ಹಾಕುವ ಕಾಲ ಬಂತು. ಯುರೋಪಿನ ಸಣ್ಣ ಕಾರುಗಳಲ್ಲಿ ಆ ದಶಕದಲ್ಲೇ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನ ರೇಡಿಯೇಟರು ಕಾಣಿಸಿಕೊಂಡಿತು. ಕುಲುಮೆಯಲ್ಲಿ ಒಮ್ಮೆಗೇ ಬೆಸೆದು ಬರುವ ಅಗಲ ಕೊಳವೆಯ ಅಲ್ಯೂಮಿನಿಯಂ ಜಾಲರಿ, ತಾಮ್ರದಷ್ಟೇ ಕೆಲಸವನ್ನು ಕಡಿಮೆ ತೂಕದಲ್ಲಿ ಮಾಡುತ್ತದೆ. ಕಡಿಮೆ ಪೆಟ್ರೋಲು, ಕಡಿಮೆ ಹೊಗೆ. ಮೋಸ ಎಂದು ಬೈದು ಕೈ ತೊಳೆದುಕೊಳ್ಳುವ ಸುಖ ಇಲ್ಲಿಲ್ಲ. ಒಳ್ಳೆಯ ಕಾರಣಕ್ಕೇ ಮಾಡಿದ ಬದಲಾವಣೆಯಿಂದ ಏನು ಕಳೆದುಹೋಯಿತು ಎಂದು ನೋಡುವುದು ಅದಕ್ಕಿಂತ ಕಷ್ಟದ ಕೆಲಸ.

ನನ್ನ ಪರಿಚಯದ ಹುಡುಗನೊಬ್ಬ ಹಾರೋಹಳ್ಳಿಯ ಹತ್ತಿರದ ಹಳ್ಳಿಯವನು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ, ಈಗ ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದಾನೆ. ಎರಡನೆಯ ಕೈಯ ಗಾಡಿ, ಒಂಬತ್ತು ವರ್ಷ ಹಳೆಯದು. ಹೋದ ಮೇ ತಿಂಗಳಲ್ಲಿ ಮಾವಿನಕಾಯಿ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ. ಏರಿನಲ್ಲಿ ಟ್ಯಾಂಕಿನ ಕತ್ತು, ಬಿಸಿನೀರು ಒಳಗೆ ಬರುವ ಜಾಗ, ಸೀಳಿತು. ಅಲ್ಲಿಯವರೆಗೆ ಒಂದು ಹನಿ ಸೋರಿರಲಿಲ್ಲ. ಬಿಸಿಯ ಮುಳ್ಳು ಮೇಲೇರಿದ್ದು ನೋಡಿ ನಿಲ್ಲಿಸೋಣ ಎನ್ನುವಷ್ಟರಲ್ಲಿ ಮುಳ್ಳು ಕೆಳಗಿಳಿಯಿತು. ಸರಿಹೋಯಿತು ಎಂದುಕೊಂಡು ಮುಂದೆ ಹೊರಟ. ಮುಳ್ಳು ಇಳಿದದ್ದು ಎಂಜಿನ್ನು ತಣ್ಣಗಾಗಿ ಅಲ್ಲ. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು, ನೀರೇ ಇಲ್ಲದಾಗ ಅದು ಅಳೆಯುವುದು ಖಾಲಿ ಜಾಗದ ಗಾಳಿಯನ್ನು. ಎಂಜಿನ್ನಿನ ಹೆಡ್ಡು ಬಾಗಿತು, ಗ್ಯಾಸ್ಕೆಟ್ ಹೋಯಿತು. ಮಾವಿನಕಾಯಿ ಬೇರೆ ಗಾಡಿಗೆ ಬದಲಾಯಿಸುವಷ್ಟರಲ್ಲಿ ಮಾರುಕಟ್ಟೆಯ ಹೊತ್ತು ಮೀರಿತ್ತು. ಎಲ್ಲ ಸೇರಿ ಮೂವತ್ತೆಂಟು ಸಾವಿರ. ಅವನ ಸಾಲದ ಎರಡು ಮೂರು ಕಂತು.

ಭಾಯ್ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. “ಹಿತ್ತಾಳೆದು ಅತ್ಕಂಡು ಸಾಯ್ತದೆ ಸಾ, ಇದು ನಗ್ತಾ ನಗ್ತಾ ಸಾಯ್ತದೆ.” ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, “ನಂದೇನ್ ತಪ್ಪದೆ ಹೇಳಿ ಇದ್ರಲ್ಲಿ?” ಎಂದು ಕೇಳಿದ.

ಈ ಪ್ರಶ್ನೆಗೆ ಬೇಗ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಗಾಡಿ ಮಾಡಿದವರು ಕೂಲೆಂಟ್ ಹಾಕಬೇಕು, ಇಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಪುಸ್ತಕದಲ್ಲಿ ಬರೆದೇ ಇದ್ದಾರೆ. ಆ ಪುಸ್ತಕ ಗಾಡಿ ಕೈ ಬದಲಾಗುವಾಗ ಕಳೆದುಹೋಗಿತ್ತು. ಇದ್ದಿದ್ದರೂ ಅದು ಇಂಗ್ಲಿಷಿನಲ್ಲಿತ್ತು. ಮೊದಲಿನ ಮಾಲೀಕ ಬೋರ್‌ವೆಲ್ ನೀರು ಹಾಕುತ್ತಿದ್ದನೆಂದು ರೇಡಿಯೇಟರ್ ಬಿಚ್ಚಿದ ಕೂಡಲೇ ಭಾಯ್‌ಗೆ ಗೊತ್ತಾಯಿತು. ನಮ್ಮದು ಕಲ್ಲಿನ ಸೀಮೆ, ಬಂಡೆಯ ಸಂದಿಯಿಂದ ಬರುವ ನೀರು ಗಡಸು. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯೇ ಕೊಳವೆಯೊಳಗೂ ಕಟ್ಟುತ್ತದೆ. ಕೊಳವೆ ಕಟ್ಟಿಕೊಂಡರೆ ಟ್ಯಾಂಕಿಗೆ ಇನ್ನಷ್ಟು ಕಾವು. ಅಲ್ಯೂಮಿನಿಯಂ ಅಂಥ ನೀರಿನಲ್ಲಿ ಚುಕ್ಕೆ ಚುಕ್ಕೆಯಾಗಿ ತಿನ್ನಿಸಿಕೊಳ್ಳುತ್ತದೆ. ನೈಲಾನ್ ಅಂತೂ ಯಾವ ನೀರಿನಲ್ಲಾದರೂ ವರ್ಷಗಟ್ಟಲೆ ಬಿಸಿಯಲ್ಲಿ ನೆನೆದರೆ ಒಳಗಿನ ಕೊಂಡಿ ಕಳಚುತ್ತಾ ಕಳಚುತ್ತಾ ಪೆಡಸಾಗುತ್ತದೆ. ಇಷ್ಟೆಲ್ಲದರ ನಡುವೆ ಅದು ಒಂಬತ್ತು ವರ್ಷ ತಾಳಿದ್ದೇ ಹೆಚ್ಚು.

ಮೊದಲ ಮಾಲೀಕ ಬೋರ್ ನೀರು ಹಾಕಿದ್ದು ಸೋಮಾರಿತನದಿಂದ ಎನ್ನಲೂ ನನಗೆ ಮನಸ್ಸಿಲ್ಲ. ಅವನಿಗೆ ಡ್ರೈವಿಂಗ್ ಕಲಿಸಿದವರು ಹಾಗೇ ಕಲಿಸಿದ್ದರು. ಹಿತ್ತಾಳೆಯ ಕಾಲದಲ್ಲಿ ಡ್ರೈವರ್ ಎಂದರೆ ಬೆಳಿಗ್ಗೆ ಎದ್ದು ಬಾನೆಟ್ ಎತ್ತಿ, ಮುಚ್ಚಳ ತೆಗೆದು, ಬೆರಳು ಹಾಕಿ ನೋಡಿ, ಬಾವಿಯದೋ ಕೆರೆಯದೋ ನೀರು ತುಂಬುವವನು. ನೆಲದ ಮೇಲೆ ರಾತ್ರಿ ಬಿದ್ದ ಹನಿಯ ಗುರುತು ನೋಡುವವನು. ಸೋರುತ್ತಿದ್ದರೆ ಒಂದು ಹಿಡಿ ಅರಿಶಿನದ ಪುಡಿ ಸುರಿದು ಊರು ಮುಟ್ಟಿಸುವವನು. ಅರಿಶಿನ ನೀರಿನ ಜೊತೆ ತಿರುಗಿ ಸಣ್ಣ ತೂತಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಮನುಷ್ಯರ ಗಾಯಕ್ಕೂ ಅದೇ, ಲಾರಿಯ ಗಾಯಕ್ಕೂ ಅದೇ. ಹಿತ್ತಾಳೆ ಕೇಳುತ್ತಿದ್ದದ್ದು ಗಮನ, ದಿನವೂ ಸ್ವಲ್ಪ. ಅದು ಸಿಕ್ಕರೆ ಉಳಿದ ತಪ್ಪುಗಳನ್ನೆಲ್ಲ ಕ್ಷಮಿಸುತ್ತಿತ್ತು.

ಪ್ಲಾಸ್ಟಿಕ್ಕಿನದು ದಿನದ ಗಮನ ಕೇಳುವುದಿಲ್ಲ. ಮುಚ್ಚಳ ತೆರೆಯಬೇಡ ಎನ್ನುತ್ತದೆ. ಅದು ಕೇಳುವುದು ವಿಧೇಯತೆ: ಹೇಳಿದ ಬಣ್ಣದ ಕೂಲೆಂಟನ್ನೇ ಹಾಕು, ಹೇಳಿದ ವರ್ಷಕ್ಕೆ ಬದಲಿಸು, ನಡುವೆ ಕೈ ಹಾಕಬೇಡ. ಪಾಲಿಸಿದರೆ ಒಂದು ತೊಂದರೆಯೂ ಇಲ್ಲ. ಬೆಂಗಳೂರಿನಲ್ಲಿ ಹೊಸ ಕಾರು ಕೊಂಡು, ಐದಾರು ವರ್ಷ ಓಡಿಸಿ ಮಾರುವವರಿಗೆ ಇದಕ್ಕಿಂತ ಒಳ್ಳೆಯ ರೇಡಿಯೇಟರ್ ಇಲ್ಲ. ಅವರಿಗೆ ಬಾಳಿಕೆಯ ಅಗತ್ಯವೇ ಬೀಳುವುದಿಲ್ಲ, ತಾಳಿಕೆ ಸಾಕು. ತಾಳಿಕೆ ಮುಗಿಯುವ ಹೊತ್ತಿಗೆ ಗಾಡಿ ಹಾರೋಹಳ್ಳಿಗೋ ಮಾಗಡಿಗೋ ಬಂದಿರುತ್ತದೆ. ಲೀಟರಿಗೆ ಮುನ್ನೂರು ನಾನ್ನೂರು ರೂಪಾಯಿಯ ಕೂಲೆಂಟು ಮೊದಲ ಕೈಗೆ ಲೆಕ್ಕಕ್ಕಿಲ್ಲ, ಮೂರನೆಯ ಕೈಗೆ ಒಂದು ದಿನದ ಉಳಿತಾಯ. ವಸ್ತು ಕೈಯಿಂದ ಕೈಗೆ ಇಳಿಯುತ್ತಾ ಬರುವಾಗ ಅದನ್ನು ಪಾಲಿಸಲು ಬೇಕಾದ ಪುಸ್ತಕವಾಗಲಿ, ಭಾಷೆಯಾಗಲಿ, ಹಣವಾಗಲಿ ಜೊತೆಗೆ ಇಳಿದು ಬರುವುದಿಲ್ಲ. ಅದು ಸಿಡಿಯುವುದು ಮಾತ್ರ ಕೊನೆಯವನ ಕೈಯಲ್ಲಿ. ಹುಡುಗನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದಕ್ಕೆ ಹತ್ತಿರದ್ದು: ತಪ್ಪು ಹಂಚಿಹೋಗಿದೆ, ನಷ್ಟ ಹಂಚಿಹೋಗಿಲ್ಲ.

ಆದರೆ ಅವನ ‘ನಗುತ್ತಾ ಸಾಯುವ’ ಮಾತಿಗೆ ಭಾಯ್ ಒಂದು ತಿದ್ದುಪಡಿ ಹಾಕಿದರು. ಅದು ನ್ಯಾಯವಾದ ತಿದ್ದುಪಡಿ. ಒಡೆದ ಟ್ಯಾಂಕನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೊಸದರಲ್ಲಿ ಕಡುಕಪ್ಪಾಗಿದ್ದದ್ದು ಕತ್ತಿನ ಹತ್ತಿರ ಕಂದು ತಿರುಗಿತ್ತು. ರಬ್ಬರ್ ಪಟ್ಟಿಯ ಗುಂಟ ಒಣಗಿದ ಬಿಳಿಯ ಗೆರೆ ಇತ್ತು. ಉಗುರಿನಿಂದ ಗೀರಿದರೆ ಪುಡಿ ಉದುರಿತು. “ಇದೂ ಹೇಳಿದೆ ಮೇಷ್ಟ್ರೇ, ಆರು ತಿಂಗಳಿಂದ ಹೇಳಿದೆ. ಆದ್ರೆ ಮೆತ್ತಗೆ ಹೇಳಿದೆ” ಎಂದರು. ತಾಮ್ರದ ಹಸಿರು ಕಿಲುಬನ್ನು ಓದಲು ಯಾರೂ ಶಾಲೆಗೆ ಹೋಗಬೇಕಾಗಿರಲಿಲ್ಲ. ದೇವರ ಕೋಣೆಯ ತಂಬಿಗೆಯ ಮೇಲೆ ಬಾಲ್ಯದಿಂದ ನೋಡಿದ ಬಣ್ಣ ಅದು. ನೈಲಾನಿನ ಕಂದು ಬಣ್ಣವನ್ನು ಓದಲು ನಮ್ಮ ಮನೆಗಳಲ್ಲಿ, ಬೀದಿಗಳಲ್ಲಿ ಇನ್ನೂ ಯಾರೂ ಕಲಿತಿಲ್ಲ. ಎಚ್ಚರಿಕೆಯ ಭಾಷೆ ಬದಲಾಗಿದೆ, ಅದನ್ನು ಕಲಿಸುವವರು ಹುಟ್ಟಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಹಿತ್ತಾಳೆಯ ಸ್ತುತಿಯಾಗುತ್ತದೆ. ಅಂಥ ಸ್ತುತಿಗಳು ಈಗ ಬೇಕಾದಷ್ಟಿವೆ. ಹಳೆಯ ಪಾತ್ರೆ, ಹಳೆಯ ಕಾಲ, ಹಳೆಯ ರುಚಿ. ಬರೆಯುವವರು ಹೆಚ್ಚಾಗಿ ಆ ಪಾತ್ರೆಗಳನ್ನು ಉಜ್ಜಿದವರಲ್ಲ. ನಮ್ಮವ್ವ ಉಜ್ಜಿದವಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಹಿತ್ತಾಳೆಯ ಕೊಡ ಖಾಲಿಯಿದ್ದಾಗಲೇ ಭಾರ. ತುಂಬಿಸಿ ಬಾವಿಯಿಂದ ತರುವುದೆಂದರೆ ಸೊಂಟದ ಕೆಲಸ. ಒಳಗಿನ ಕಲಾಯಿ ಹೋದರೆ ಹುಳಿ ಸಾರು ಕಿಲುಬಿನ ವಿಷವಾಗುತ್ತಿತ್ತು, ಅದನ್ನು ನೋಡಿಕೊಳ್ಳುವ ಗಮನವೂ ಅವಳದೇ. ವರ್ಷಕ್ಕೊಮ್ಮೆ ಕಲಾಯಿಯವರು ಬಂದು ಬೀದಿಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ನವಸಾಗರ ಹಾಕಿ, ಬಿಳಿಯ ಹೊಗೆಯ ಮಧ್ಯೆ ತವರ ಬಳಿದು ಪಾತ್ರೆಯನ್ನು ಬೆಳ್ಳಿ ಮಾಡುವುದು ನಮಗೆ ಮಕ್ಕಳಿಗೆ ಜಾತ್ರೆ. ಅವಳಿಗೆ ಅದು ದುಡ್ಡು ಹೊಂದಿಸುವ ಚಿಂತೆ. ಮೊದಲ ಪ್ಲಾಸ್ಟಿಕ್ ಬಿಂದಿಗೆ ಮನೆಗೆ ಬಂದ ದಿನ ಅವಳು ಅದನ್ನು ಒಂದು ಕೈಯಲ್ಲಿ ಎತ್ತಿ ನಕ್ಕದ್ದು ನನಗೆ ನೆನಪಿದೆ. ಆ ನಗುವಿನ ಎದುರು ತಾಳಿಕೆ ಬಾಳಿಕೆಯ ನನ್ನ ಪಾಂಡಿತ್ಯ ಬಾಯಿ ಮುಚ್ಚಿಕೊಳ್ಳಬೇಕು. ಗಮನ ಒಳ್ಳೆಯ ಗುಣ, ನಿಜ. ಆದರೆ ಒಂದು ಮನೆಯಲ್ಲಿ, ಒಂದು ಗ್ಯಾರೇಜಿನಲ್ಲಿ ಅದು ಯಾವಾಗಲೂ ಒಬ್ಬರ ಪಾಲಿಗೇ ಬೀಳುತ್ತಿದ್ದರೆ ಅದನ್ನು ಗುಣ ಎಂದು ಹೊಗಳುವುದು ಉಳಿದವರಿಗೆ ಅನುಕೂಲ, ಅಷ್ಟೆ.

ಗ್ಯಾರೇಜಿನಲ್ಲಿ ಇನ್ನೂ ಕಠಿಣವಾದ ಸಂಗತಿಯೊಂದಿದೆ. ಹಿತ್ತಾಳೆ ರೇಡಿಯೇಟರಿನ ಬಾಳಿಕೆ ನಿಂತಿರುವುದು ಬೆಸುಗೆಯ ಮೇಲೆ, ಬೆಸುಗೆಯಲ್ಲಿ ಇರುವುದು ಸೀಸ. ಕರಗಿಸುವಾಗ ಹೊಗೆ, ಹಳೆಯ ಬೆಸುಗೆ ಕೆರೆಯುವಾಗ ಧೂಳು. ಅದೇ ಕೈಯಲ್ಲಿ ಟೀ, ಬೀಡಿ. ರೇಡಿಯೇಟರ್ ರಿಪೇರಿಯವರ ರಕ್ತದಲ್ಲಿ ಸೀಸ ಹೆಚ್ಚಿರುವುದು ಅಮೆರಿಕದಂಥ ದೇಶಗಳಲ್ಲೂ ದಾಖಲಾದ ಸಂಗತಿ. ನಮ್ಮಲ್ಲಿ ಸೀಸದ ವಿಷದ ಬಗ್ಗೆ ಇಡೀ ದೇಶಕ್ಕೆ ದಾರಿ ತೋರಿಸುವ ಕೇಂದ್ರವೊಂದು ಬೆಳೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ಹಾರೋಹಳ್ಳಿಯಿಂದ ಒಂದೆರಡು ಗಂಟೆಯ ದಾರಿ. ಸೀಸ ನರಕ್ಕೆ, ಮೂತ್ರಪಿಂಡಕ್ಕೆ, ರಕ್ತಕ್ಕೆ ಹತ್ತುತ್ತದೆ, ಎಲುಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ. ಬಟ್ಟೆಗೆ ಅಂಟಿ ಮನೆಗೆ ಹೋದರೆ ಮಕ್ಕಳ ಬುದ್ಧಿಗೆ ಏಟು. ದೇಶದ ಪೆಟ್ರೋಲಿನಿಂದ 2000ದಲ್ಲಿ ಸೀಸ ತೆಗೆದುಹಾಕಿದರು. ಭಾಯ್ ಶೆಡ್ಡಿನಿಂದ ಯಾರೂ ತೆಗೆದುಹಾಕಲಿಲ್ಲ.

ಎಂದರೆ ನಮ್ಮ ಗಾಡಿಯ ಬಾಳಿಕೆಗೆ ಇನ್ನೊಬ್ಬರ ಬಾಳು ಸಂದಾಯವಾಗುತ್ತಿತ್ತು. ಇದು ತಿಳಿದಮೇಲೆ ಪ್ಲಾಸ್ಟಿಕ್ಕಿನದೇ ಹೆಚ್ಚು ನೀತಿವಂತ ವಸ್ತು ಎನ್ನಬಹುದಲ್ಲ? ಕೆಲವು ದಿನ ನಾನು ಹಾಗೇ ಯೋಚಿಸಿದೆ. ಆಮೇಲೆ ಒಡೆದ ರೇಡಿಯೇಟರು ಎಲ್ಲಿಗೆ ಹೋಗುತ್ತದೆ ಎಂದು ಹಿಂದೆ ಬಿದ್ದೆ. ಗುಜರಿಯವರು ಅದನ್ನು ತೂಕಕ್ಕೆ ಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಅಲ್ಯೂಮಿನಿಯಂ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಇಪ್ಪತ್ತನೇ ಒಂದು ಪಾಲಿನಲ್ಲಿ ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಿ ಬಳಸಬಹುದು, ಆದ್ದರಿಂದ ಅದಕ್ಕೆ ಬೆಲೆ ಇದೆ. ಟ್ಯಾಂಕನ್ನು ಸುತ್ತಿಗೆಯಿಂದ ಹೊಡೆದು ಬಿಡಿಸುತ್ತಾರೆ. ಗಾಜಿನ ನಾರು ಬೆರೆತ ನೈಲಾನನ್ನು ಕೊಳ್ಳುವವರು ಇಲ್ಲಿ ಯಾರೂ ಸಿಗಲಿಲ್ಲ. ಶೆಡ್ಡಿನ ಹಿಂದೆ ರಾಶಿ ಬಿದ್ದಿತ್ತು, ಒಂದು ಮೂಲೆ ಕರಕಲಾಗಿತ್ತು. ಸುಟ್ಟವರು ಯಾರು, ಆ ಹೊಗೆ ಕುಡಿದವರು ಯಾರು ಎಂದು ಕೇಳಿದರೆ, “ಹುಡುಗ್ರು” ಎಂದರು. ವಿಷ ಇಲ್ಲವಾಗಿಲ್ಲ, ಹೆಸರಿಲ್ಲದವರ ಕಡೆಗೆ ಸರಿದಿದೆ.

ಜೆ.ಸಿ. ಕುಮಾರಪ್ಪ ಎಂಬ ಗಾಂಧೀವಾದಿ ಅರ್ಥಶಾಸ್ತ್ರಜ್ಞರು 1945ರಲ್ಲಿ ಶಾಶ್ವತತೆಯ ಅರ್ಥಶಾಸ್ತ್ರದ ಬಗ್ಗೆ ಒಂದು ಪುಸ್ತಕ ಬರೆದರು, ಜೈಲಿನಲ್ಲಿ ಕೂತು. ನೆಲದಿಂದ ಅಗೆದು ತೆಗೆಯುವ, ತೆಗೆದಷ್ಟೂ ಬರಿದಾಗುವ ಸಂಪತ್ತಿನ ಮೇಲೆ ಕಟ್ಟಿದ ಬದುಕು ಜಗಳಕ್ಕೆ ದಾರಿ ಎಂಬುದು ಅವರ ವಾದ. ಆ ಲೆಕ್ಕದಲ್ಲಿ ತಾಮ್ರವೂ ಪಾಸಾಗುವುದಿಲ್ಲ, ನೈಲಾನೂ ಇಲ್ಲ, ಕಾರಂತೂ ಇಲ್ಲವೇ ಇಲ್ಲ. ಅಷ್ಟು ದೂರ ಹೋಗುವ ಧೈರ್ಯ ನನಗಿಲ್ಲ, ಆ ಹುಡುಗನಿಗೆ ಗಾಡಿ ಬೇಕು. ನನಗೆ ಬೇಕಾಗಿರುವುದು ಗಾಡಿ ಇರುವ ಲೋಕದಲ್ಲಿ ಯಾವುದು ಕಡಿಮೆ ಅನ್ಯಾಯ ಎಂಬ ಸಣ್ಣ ಲೆಕ್ಕ.

ಆ ಲೆಕ್ಕದಲ್ಲಿ ನಾನು ಈಗಲೂ ರಿಪೇರಿಯ ಕಡೆಗೇ ವಾಲುತ್ತೇನೆ, ಹಳೆಯದರ ಮೋಹದಿಂದಲ್ಲ. ಭಾಯ್ ಉಸಿರಾಡುವ ಹೊಗೆ ನನಗೆ ಕಾಣುತ್ತದೆ. ಕಾಣುವ ಹಾನಿಗೆ ಏನಾದರೂ ಮಾಡಬಹುದು. ಹೊಗೆ ಹೊರಗೆ ಎಳೆಯುವ ಫ್ಯಾನು, ಮಾಸ್ಕು, ಕೈ ತೊಳೆದು ಊಟ, ಮನೆಗೆ ಹೋಗುವ ಮುಂಚೆ ಬಟ್ಟೆ ಬದಲಾವಣೆ. ಸೀಸವಿಲ್ಲದ ಬೆಸುಗೆಯೂ ಇದೆ, ಬೆಲೆ ಹೆಚ್ಚು, ಹೆಚ್ಚು ಕಾವು ಬೇಡುತ್ತದೆ. ಹೆಚ್ಚಿನ ಬೆಲೆಯನ್ನು ಗಿರಾಕಿ ಕೊಡಬೇಕು. ಐನೂರು ಹೇಳಿದರೆ ಮುನ್ನೂರಕ್ಕೆ ಮಾಡಿ ಎನ್ನುವ ಗಿರಾ­ಕಿ, ಅದೇ ವಾರ ಹೊಸ ಸ್ಪೇರ್ ಪಾರ್ಟಿಗೆ ಐದು ಸಾವಿರವನ್ನು ಮರುಮಾತಿಲ್ಲದೆ ಕೊಡುತ್ತಾನೆ. ಡಬ್ಬಿಯ ಮೇಲೆ ಬೆಲೆ ಅಚ್ಚಾಗಿದ್ದರೆ ಅದು ಧರ್ಮ, ಮನುಷ್ಯನ ಬಾಯಿಂದ ಬಂದರೆ ಚೌಕಾಸಿ. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿ, ವಾಹನಗಳನ್ನೂ ಅದರೊಳಗೆ ಸೇರಿಸಿತು. ಒಳ್ಳೆಯದೇ. ಕೊಂಡವರಿಗೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿರಬೇಕು. ಆದರೆ ರಿಪೇರಿ ಮಾಡುವವರ ಮೈಯ ಹಕ್ಕು ಆ ಮಾತಿನೊಳಗೆ ಎಲ್ಲಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ.

ಹಿತ್ತಾಳೆ ಮತ್ತೆ ಬರುವುದಿಲ್ಲ, ಅದು ಸ್ಪಷ್ಟ. ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಭಾಯ್ ಹತ್ತಿರ ಬರುವ ಹಿತ್ತಾಳೆಯ ಕೆಲಸ ಈಗ ಹಳೆಯ ಟ್ರ್ಯಾಕ್ಟರು, ಜನರೇಟರು, ಒಂದೆರಡು ಮುದಿ ಲಾರಿಗಳದ್ದು. ಆದರೆ ಪ್ಲಾಸ್ಟಿಕ್ ಟ್ಯಾಂಕು ಬಿಚ್ಚಿ ಅದರ ಜಾಗಕ್ಕೆ ಅಲ್ಯೂಮಿನಿಯಂ ತಗಡಿನ ಟ್ಯಾಂಕು ಮಾಡಿ ಕೂರಿಸುವವರು ಬೆಂಗಳೂರಿನಲ್ಲಿದ್ದಾರೆ. ಅಲ್ಯೂಮಿನಿಯಮ್ಮಿಗೆ ಸೀಸದ ಬೆಸುಗೆ ಹಿಡಿಯುವುದಿಲ್ಲ, ಮೇಲೆ ಕಟ್ಟುವ ಆಕ್ಸೈಡಿನ ಪೊರೆ ಬಿಡುವುದಿಲ್ಲ. ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು. ಭಾಯ್ ಅಳಿಯ ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಅದೇ ವೆಲ್ಡಿಂಗ್ ಮಾಡುತ್ತಾನೆ. ಮೆಷಿನ್ನಿಗೆ ಸಾಲ ಸಿಕ್ಕರೆ ಸಂಜೆ ಹೊತ್ತು ಶೆಡ್ಡಿನಲ್ಲಿ ಶುರು ಮಾಡುವ ಯೋಚನೆ ಇದೆ. ಬ್ಯಾಂಕಿನವರು ಶೆಡ್ಡಿನ ಬಾಡಿಗೆ ಪತ್ರ ಕೇಳಿದ್ದಾರೆ, ಪತ್ರ ಇಲ್ಲ.

ಹುಡುಗ ಕೊನೆಗೆ ಹಾಕಿಸಿದ್ದು ಪ್ಲಾಸ್ಟಿಕ್ ಟ್ಯಾಂಕಿನ ಹೊಸ ರೇಡಿಯೇಟರನ್ನೇ. ತಗಡಿನ ಟ್ಯಾಂಕು ಮಾಡಿಸಲು ಗಾಡಿ ನಾಲ್ಕು ದಿನ ನಿಲ್ಲಬೇಕಿತ್ತು, ಮಾವಿನ ಕಾಲ ನಾಲ್ಕು ದಿನ ಕಾಯುವುದಿಲ್ಲ. ಭಾಯ್ ಅದನ್ನು ಕೂರಿಸಿ, ಕೂಲೆಂಟು ತುಂಬಿ, ತಾರೀಖನ್ನು ಟ್ಯಾಂಕಿನ ಮೇಲೆ ಬಿಳಿಯ ಪೇಂಟಿನಲ್ಲಿ ದೊಡ್ಡದಾಗಿ ಬರೆದರು. ಕೆಳಗೆ, ಮುಂದೆ ಬದಲಿಸಬೇಕಾದ ವರ್ಷ. ಗಾಡಿ ಮಾರಿದರೂ ಇದು ಗಾಡಿಯ ಜೊತೆಗೇ ಹೋಗಲಿ ಎಂದರು. ಈಗ ತಮ್ಮ ಕೈಗೆ ಬಂದ ಪ್ರತಿ ಗಾಡಿಗೂ ಹಾಗೆ ಬರೆಯುತ್ತಿದ್ದಾರೆ, ದುಡ್ಡು ಕೇಳದೆ.

ರಕ್ತಪರೀಕ್ಷೆ ಮಾಡಿಸಿ ಎಂದು ನಾನು ಅವರಿಗೆ ಎರಡು ಸಲ ಹೇಳಿದ್ದೇನೆ. ಮೊದಲ ಸಲ, “ಮೂವತ್ತು ವರ್ಷ ಆಯ್ತು ಮೇಷ್ಟ್ರೇ, ಇನ್ನೇನು” ಎಂದು ನಕ್ಕರು. ಎರಡನೆಯ ಸಲ ನಗಲಿಲ್ಲ. ಅಳಿಯನನ್ನೂ ಕರ್ಕೊಂಡು ಹೋಗಬೇಕಾ, ಅವನಿಗೆ ಬೇಡ್ವಾ, ಅವನು ಸೀಸ ಮುಟ್ಟಿಲ್ಲ ಅಲ್ವಾ ಎಂದು ಕೇಳಿದರು. ಮುಂದಿನ ತಿಂಗಳು ಒಂದು ಶುಕ್ರವಾರ ಅಂಗಡಿ ಮುಚ್ಚಿರುತ್ತದೆ, ಅವತ್ತು ಹೋಗೋಣ ಎಂದು ಮಾತಾಗಿದೆ.